ವಂಕಿ ತೆಗೆಯುವ ಹೊತ್ತು: ಎಳೆತದಿಂದ ಆರಂಭಿಸಿದ ಒಂದು ವಿನ್ಯಾಸ

ಗರ್ಭ ನಿಲ್ಲದಂತೆ ಗರ್ಭಕೋಶದೊಳಗೆ ಇರಿಸುವ, ಇಂಗ್ಲಿಷಿನ ಟಿ ಅಕ್ಷರದ ಆಕಾರದ ಕಾಪರ್-ಟಿಯನ್ನು ನಮ್ಮ ಕಡೆಯ ಹೆಣ್ಣುಮಕ್ಕಳು ವಂಕಿ ಎನ್ನುತ್ತಾರೆ. ಅತ್ತೆಯ ವಯಸ್ಸಿನವರು ಇಂದಿಗೂ ಲೂಪ್ ಎನ್ನುವುದುಂಟು. ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಸ್ತ್ರೀರೋಗ ತಜ್ಞೆಯಾಗಿ ಕಳೆದ ಹದಿನೆಂಟು ವರ್ಷಗಳಲ್ಲಿ ನಾನು ಹಾಕಿದ ವಂಕಿಗಳ ಲೆಕ್ಕ ಆಸ್ಪತ್ರೆಯ ರಿಜಿಸ್ಟರಿನಲ್ಲಿದೆ. ತೆಗೆಯಲು ಕಷ್ಟವಾದವುಗಳ ಲೆಕ್ಕವನ್ನು ಮಾತ್ರ ನಾನೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತ ಬಂದೆ. ತೆಗೆಯಲೆಂದೇ ವಂಕಿಯ ಬುಡಕ್ಕೆ ಕಟ್ಟಿರುವ ದಾರ ಕಾಣದೆ ಹೋದದ್ದು, ದಾರವಷ್ಟೇ ಕೈಗೆ ಬಂದು ವಂಕಿ ಒಳಗೇ ಉಳಿದದ್ದು, ಒಂದು ತೋಳು ಮುರಿದು ಬಂದದ್ದು ಎಲ್ಲವೂ ಅದರಲ್ಲಿವೆ. ಆ ಬರಹವೇ ಮುಂದೆ ನನ್ನನ್ನು ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜೊಂದರ ಕಾರ್ಯಾಗಾರಕ್ಕೆ ಕರೆದೊಯ್ದಿತು.

ನಮಗೆ ತರಬೇತಿಯಲ್ಲಿ ವಂಕಿ ಹಾಕುವುದನ್ನು ಗಂಟೆಗಟ್ಟಲೆ ಕಲಿಸಿದ್ದರು: ಗರ್ಭಕೋಶದ ಉದ್ದವನ್ನು ಸೌಂಡ್ ಎಂಬ ಸಪೂರ ಕಡ್ಡಿ ಹಾಕಿ ಅಳೆಯುವುದು, ಮುಟ್ಟದೆಯೇ ಟಿಯ ತೋಳುಗಳನ್ನು ಕೊಳವೆಯೊಳಗೆ ಮಡಿಸುವುದು, ಕೊಳವೆಯನ್ನು ಹಿಂದಕ್ಕೆಳೆದು ಬಿಡುವುದು. ತೆಗೆಯುವ ವಿಧಾನಕ್ಕೆ ಸಿಕ್ಕಿದ್ದು ಒಂದೇ ವಾಕ್ಯ, ದಾರ ಹಿಡಿದು ಎಳೆಯಿರಿ ಎಂದು. ನಾನೂ ನನ್ನ ನರ್ಸ್‌ಗಳಿಗೆ ಬಹಳ ಕಾಲ ಅದನ್ನೇ ಹೇಳಿಕೊಟ್ಟೆ. ಅದು ಸಾಲದೆಂದು ನನಗೆ ಮನವರಿಕೆಯಾದದ್ದು ಎರಡು ಮಕ್ಕಳ ತಾಯಿಯೊಬ್ಬರ ದಾರ ನನ್ನ ಕೈಯಲ್ಲಿಯೇ ಕಡಿದು ಬಂದ ದಿನ. ಆಕೆ ಅದಕ್ಕೆ ಮೊದಲು ಬೇರೊಂದು ಕಡೆ ಎರಡು ಸಲ ಕೇಳಿ, ‘ಇದು ಹತ್ತು ವರ್ಷದ್ದು, ಇನ್ನೂ ಅವಧಿ ಇದೆ’ ಎಂಬ ಉತ್ತರ ಪಡೆದು ಹಿಂದಿರುಗಿದ್ದವರು. ನನ್ನಲ್ಲಿಗೆ ಬಂದಾಗ ಹೊರಗೆ ಸಾಲು ಉದ್ದವಿತ್ತು. ನಾನು ಅವಸರದಲ್ಲಿ ಒಮ್ಮೆಗೇ ಜಗ್ಗಿದೆ. ‘ಹಾಕೋವಾಗ ಇಷ್ಟು ನೋವು ಆಗಿರಲಿಲ್ಲರೀ ಮೇಡಂ’ ಎಂದು ಆಕೆ ಹಲ್ಲು ಕಚ್ಚಿಕೊಂಡು ಹೇಳಿದ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಮರುದಿನ ಅರಿವಳಿಕೆ ಕೊಟ್ಟು ಒಳಗಿನಿಂದ ತೆಗೆಯಬೇಕಾಯಿತು. ಬೇಡವೆಂದಾಗ ತೆಗೆಸಿಕೊಳ್ಳಬಹುದೆಂಬ ಭರವಸೆಯ ಮೇಲೆಯೇ ಒಬ್ಬ ಹೆಣ್ಣುಮಗಳು ಇದನ್ನು ತನ್ನ ದೇಹದೊಳಗೆ ಇರಿಸಿಕೊಳ್ಳಲು ಒಪ್ಪಿರುತ್ತಾಳೆ. ಆ ಭರವಸೆಯನ್ನು ನಾವು ಮಾತಿನಲ್ಲಿ ಮಾತ್ರ ಕೊಡುತ್ತಿದ್ದೇವೆ, ವಸ್ತುವಿನ ರಚನೆಯಲ್ಲಿ ಪೂರ್ತಿಯಾಗಿ ಕೊಟ್ಟಿಲ್ಲ ಎಂದು ನನಗೆ ಅನ್ನಿಸತೊಡಗಿತು.

ಹಳೆಯ ಸಾಧನಗಳನ್ನು ಈ ಒಂದೇ ದೃಷ್ಟಿಯಿಂದ ಓದುತ್ತ ಹೋದೆ. 1920ರ ದಶಕದ ಗ್ರಾಫೆನ್‌ಬರ್ಗ್ ಉಂಗುರಕ್ಕೆ ಬಾಲದ ದಾರವೇ ಇರಲಿಲ್ಲ. ಚೀನಾದಲ್ಲಿ ದಶಕಗಳ ಕಾಲ ಬಳಕೆಯಲ್ಲಿದ್ದ ಉಕ್ಕಿನ ಉಂಗುರಕ್ಕೂ ಇರಲಿಲ್ಲ. ಅದನ್ನು ತೆಗೆಯಬೇಕಾದರೆ ಕೊಕ್ಕೆಯನ್ನು ಒಳಗೆ ಹಾಯಿಸಲೇಬೇಕು. 1960ರ ದಶಕದ ಆರಂಭದಲ್ಲಿ ಅಮೆರಿಕದ ಜ್ಯಾಕ್ ಲಿಪ್ಪೆಸ್ ತಮ್ಮ ಪಾಲಿಎಥಿಲೀನ್ ಲೂಪಿಗೆ ಒಂಟಿ ಎಳೆಯ ದಾರ ಕಟ್ಟಿದರು. 1965ರಲ್ಲಿ ನಮ್ಮ ದೇಶದ ಕುಟುಂಬ ಯೋಜನಾ ಕಾರ್ಯಕ್ರಮಕ್ಕೆ ಬಂದದ್ದು ಅದೇ ಲೂಪ್. ಅದರ ಸುರುಳಿ, ದಾರ ಎಳೆದಂತೆಲ್ಲ ತಾನೇ ಬಿಚ್ಚಿಕೊಂಡು ನೆಟ್ಟಗಾಗಿ ಹೊರಬರುತ್ತಿತ್ತು. ರಕ್ತಸ್ರಾವದ ತೊಂದರೆಯಿಂದ ಲೂಪಿಗೆ ಕೆಟ್ಟ ಹೆಸರು ಬಂದದ್ದು ನಿಜವಾದರೂ, ತೆಗೆಯುವ ಗುಣವೊಂದರಲ್ಲಿ ಅದು ಇಂದಿಗೂ ಕಲಿಯಬೇಕಾದ ವಸ್ತು ಎಂದೇ ನನ್ನ ಅಭಿಪ್ರಾಯ.

ಇದಕ್ಕೆ ತದ್ವಿರುದ್ಧವಾದದ್ದು 1971ರಿಂದ 1974ರವರೆಗೆ ಅಮೆರಿಕದಲ್ಲಿ ಮಾರಾಟವಾದ ಡಾಲ್ಕನ್ ಶೀಲ್ಡ್. ಜಾರಿಹೋಗದಿರಲೆಂದು ಅದರ ಎರಡೂ ಅಂಚಿಗೆ ಕಾಲುಗಳಂಥ ಮುಳ್ಳುಗಳನ್ನು ಕೊಟ್ಟಿದ್ದರು. ಮುಳ್ಳುಗಳಿದ್ದುದರಿಂದ ಎಳೆಯಲು ಹೆಚ್ಚು ಬಲ ಬೇಕಾಯಿತು. ಆ ಬಲವನ್ನು ಒಂಟಿ ಎಳೆ ತಡೆಯದೆಂದು ನೂರಾರು ಸೂಕ್ಷ್ಮ ಎಳೆಗಳನ್ನು ನೈಲಾನ್ ಹೊದಿಕೆಯೊಳಗೆ ಸೇರಿಸಿದ ದಾರವನ್ನು ಕಟ್ಟಿದರು. ಆ ಎಳೆಗಳ ನಡುವಿನ ಸಂದಿಗಳು ದೀಪದ ಬತ್ತಿ ಎಣ್ಣೆಯನ್ನು ಹೀರಿದಂತೆ ಯೋನಿಯಲ್ಲಿನ ಸೂಕ್ಷ್ಮಜೀವಿಗಳನ್ನು ಗರ್ಭಕೋಶಕ್ಕೆ ಏರಿಸಿದವು. ಸೋಂಕಿನಿಂದ ಅನೇಕರು ಬಂಜೆತನಕ್ಕೆ ಒಳಗಾದರು, ಸಾವುಗಳೂ ಸಂಭವಿಸಿದವು. ಈ ಕಥೆಯಲ್ಲಿ ಸಾಮಾನ್ಯವಾಗಿ ದಾರವನ್ನಷ್ಟೇ ದೂರುತ್ತಾರೆ. ನನಗೆ ಕಾಣುವಂತೆ ತಪ್ಪು ಅದಕ್ಕಿಂತ ಒಂದು ಹೆಜ್ಜೆ ಮೊದಲೇ ಆಗಿತ್ತು: ಸುಲಭವಾಗಿ ಹೊರಬಾರದ ಆಕಾರವೊಂದನ್ನು ಒಪ್ಪಿಕೊಂಡು, ಅದರ ಭಾರವನ್ನೆಲ್ಲ ದಾರದ ಮೇಲೆ ಹೊರಿಸಲಾಗಿತ್ತು.

ನಮ್ಮ ಆಸ್ಪತ್ರೆಗಳಲ್ಲಿ ಈಗಿರುವ 380ಎ ಎಂಬ ಕಾಪರ್-ಟಿ ಇಂಥ ಅಪಾಯದ ವಸ್ತುವಲ್ಲ. ಅದು ಬಹುತೇಕ ಸಲ ಅರೆ ನಿಮಿಷದಲ್ಲಿ, ಮುಟ್ಟಿನ ನೋವಿನಂಥ ಒಂದು ಹಿಂಡುವಿಕೆಯೊಂದಿಗೆ ಹೊರಬರುತ್ತದೆ. ನಾನು ಯೋಚಿಸುತ್ತಿದ್ದುದು ಹಾಗೆ ಬಾರದ ಕೆಲವರ ಬಗ್ಗೆ. ಅದರ ಚೌಕಟ್ಟು ಪಾಲಿಎಥಿಲೀನಿನದು. ಕ್ಷಕಿರಣದಲ್ಲಿ ಕಾಣಲೆಂದು ಬೇರಿಯಂ ಸಲ್ಫೇಟ್ ಬೆರೆಸಿರುತ್ತಾರೆ. ಅಗಲ 32 ಮಿಲಿಮೀಟರ್, ಉದ್ದ 36. ಕಾಂಡಕ್ಕೆ ತಾಮ್ರದ ತಂತಿ, ಎರಡು ತೋಳುಗಳಿಗೂ ತಾಮ್ರದ ತೋಳಪಟ್ಟಿ, ಬುಡದಲ್ಲಿ 3 ಮಿಲಿಮೀಟರಿನ ಒಂದು ಗುಂಡು. ಗುಂಡಿನ ರಂಧ್ರದಲ್ಲಿ ದಾರವನ್ನು ಹಾಯಿಸಿ ಗಂಟು ಹಾಕಿರುವುದರಿಂದ ಎರಡು ಎಳೆಗಳು ಕೆಳಗೆ ಇಳಿಬಿದ್ದಿರುತ್ತವೆ. ಹಾಕುವಾಗ ತೋಳುಗಳು ಕೆಳಮುಖವಾಗಿ ಮಡಚಿಕೊಳ್ಳುತ್ತವೆ. ತೆಗೆಯುವಾಗಲಾದರೋ ಗರ್ಭಕಂಠದ ಒಳಬಾಯಿಗೆ ಸಿಕ್ಕು, ಗಾಳಿಗೆ ತಿರುಗಿಬಿದ್ದ ಕೊಡೆಯ ಕಡ್ಡಿಗಳಂತೆ ಮೇಲ್ಮುಖವಾಗಿ ಮಡಚಬೇಕು. ಆ ತಿರುವಿನ ಒತ್ತಡವೆಲ್ಲ ಬೀಳುವುದು ತೋಳು ಕಾಂಡವನ್ನು ಕೂಡುವ ಮೂಲೆಯ ಮೇಲೆ.

ಇದನ್ನು ಕಣ್ಣಾರೆ ನೋಡಬೇಕೆಂದು ಆ ಕಾಲೇಜಿನ ಮೆಕ್ಯಾನಿಕಲ್ ವಿಭಾಗದ ಅಧ್ಯಾಪಕರೊಬ್ಬರೊಂದಿಗೆ ಕೂಡಿ ಒಂದು ಮಾದರಿ ಮಾಡಲು ಹೊರಟೆ. ಮೊದಲು ಕಸಾಯಿಖಾನೆಯಿಂದ ಕುರಿಯ ಗರ್ಭಕೋಶಗಳನ್ನು ತರಿಸಿದೆವು. ಅದು ಎರಡು ಕವಲಾಗಿ ಒಡೆದಿರುತ್ತದೆ, ಕಂಠದೊಳಗೆ ಉಂಗುರದಂಥ ಮಡಿಕೆಗಳಿರುತ್ತವೆ. ನಮ್ಮ ಕೆಲಸಕ್ಕೆ ಬರಲಿಲ್ಲ. ಆಮೇಲೆ ತ್ರೀಡಿ ಪ್ರಿಂಟರಿನಲ್ಲಿ ಅಚ್ಚು ತೆಗೆದು ಪಾರದರ್ಶಕ ಸಿಲಿಕೋನ್ ಎರೆದೆವು. ಮೊದಲನೆಯದು ತೀರ ಗಟ್ಟಿಯಾಯಿತು, ಎರಡನೆಯದು ಎಳೆದ ಕೂಡಲೇ ತಾನೇ ಹಿಗ್ಗಿಬಿಟ್ಟಿತು. ಬೆರಳಿನಿಂದ ಮುಟ್ಟಿ, ಇದು ಹೆತ್ತವಳ ಗರ್ಭಕಂಠ, ಇದು ಹೆರದವಳದ್ದು ಎಂದು ನಾನು ಹೇಳುತ್ತಿದ್ದೆ, ಅವರು ಮಿಶ್ರಣವನ್ನು ಅದಕ್ಕೆ ತಕ್ಕಂತೆ ಬದಲಿಸುತ್ತಿದ್ದರು. ಅನೇಕ ಹೆಂಗಸರ ಗರ್ಭಕೋಶದ ಒಳ ಅಗಲ 32 ಮಿಲಿಮೀಟರಿಗಿಂತ ಕಡಿಮೆ ಇರುವುದರಿಂದ ಕಿರಿದಾದ ಒಳಾಂಗಣದ ಇನ್ನೊಂದು ಮಾದರಿಯನ್ನೂ ಮಾಡಿದೆವು. ಒಳಗೆ ಅಲ್ಟ್ರಾಸೌಂಡ್ ಜೆಲ್ಲಿ ಸವರಿ, ದಾರವನ್ನು ಬಲ ಅಳೆಯುವ ಉಪಕರಣಕ್ಕೆ ಕಟ್ಟಿ, ಪಕ್ಕದಿಂದ ನಿಧಾನಗತಿಯ ವಿಡಿಯೊ ತೆಗೆದೆವು.

ಆ ವಿಡಿಯೊ ನನಗೆ ಹದಿನೆಂಟು ವರ್ಷಗಳ ಕೈಚಳಕಕ್ಕಿಂತ ಹೆಚ್ಚು ಕಲಿಸಿತು. ನಿಧಾನವಾಗಿ, ಒಂದೇ ಸಮನೆ ಎಳೆದಾಗ ಎರಡೂ ತೋಳುಗಳು ಒಟ್ಟಿಗೆ ಏಳುತ್ತಿದ್ದವು ಮತ್ತು ಬಲದ ರೇಖೆ ಚಿಕ್ಕ ದಿಬ್ಬದಂತೆ ಏರಿ ಇಳಿಯುತ್ತಿತ್ತು. ಜಗ್ಗಿದಾಗ ಅದೇ ರೇಖೆ ಸೂಜಿಯ ಮೊನೆಯಂತೆ ಎದ್ದು ನಿಲ್ಲುತ್ತಿತ್ತು. ಗರ್ಭಕೋಶದ ಅಕ್ಷದಿಂದ ಓರೆಯಾಗಿ ಎಳೆದರೆ ಒಂದು ತೋಳು ಮೊದಲು ಸಿಕ್ಕಿಕೊಂಡು, ಇಡೀ ಭಾರ ಆ ಒಂದೇ ಮೂಲೆಯ ಮೇಲೆ ಬೀಳುತ್ತಿತ್ತು; ಕಿರಿದಾದ ಮಾದರಿಯಲ್ಲಿ ಇದು ಇನ್ನೂ ಕೆಟ್ಟದಾಗಿ ಕಂಡಿತು. ಈ ಸಾಧನಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 7439ರ ಪ್ರಕಾರ ದಾರವೂ ಅದರ ಗಂಟೂ ಕಡಿಯದೆ ತಡೆಯಬೇಕಾದ ಬಲ ಕನಿಷ್ಠ 9.5 ನ್ಯೂಟನ್, ಎಂದರೆ ಹೆಚ್ಚುಕಡಿಮೆ ಒಂದು ಕಿಲೋ ತೂಕವನ್ನು ತೂಗುಹಾಕಿದಷ್ಟು. ಸಾಮಾನ್ಯ ಎಳೆತಕ್ಕೆ ಅದು ಧಾರಾಳವಾಗಿ ಸಾಕು. ಅವಸರದ ಕೈಯೊಂದು ಆ ಮಿತಿಯನ್ನು ಎಷ್ಟು ಸುಲಭವಾಗಿ ಮುಟ್ಟಬಲ್ಲದೆಂಬುದನ್ನು ನನ್ನ ಕೈಯನ್ನೇ ಉಪಕರಣಕ್ಕೆ ಕೊಟ್ಟು ನೋಡಿಕೊಂಡೆ.

ವಿನ್ಯಾಸದಲ್ಲಿ ನಾವು ಮೊದಲು ಕೈಯಿಟ್ಟದ್ದು ಆ ಮೂಲೆಗೆ. ಲಂಬಕೋನದ ಮೂಲೆಯ ಒಳಭಾಗವನ್ನು ಗುಂಡಗೆ ಮಾಡಿ, ತೋಳು ಕಾಂಡದ ಬಳಿ ದಪ್ಪವಾಗಿ ತುದಿಯ ಕಡೆಗೆ ಸಣ್ಣಗಾಗುವಂತೆ ಬರೆದೆವು. ಹಾಗೆ ಮಾಡಿದರೆ ಬಾಗುವಿಕೆ ಒಂದು ಬಿಂದುವಿನಲ್ಲಿ ನಿಲ್ಲದೆ, ಬಿದಿರಿನ ಸೀಳು ಬಾಗುವಂತೆ ತೋಳಿನ ಉದ್ದಕ್ಕೂ ಹರಡಿಕೊಳ್ಳುತ್ತದೆ. ಅಲ್ಯೂಮಿನಿಯಂ ಅಚ್ಚು ಕೊರೆಸಿ, ಕೈಯಿಂದ ಒತ್ತುವ ಪುಟ್ಟ ಯಂತ್ರದಲ್ಲಿ ಪಾಲಿಎಥಿಲೀನ್ ಹರಳು ಕರಗಿಸಿ ತುಂಬಿದೆವು. ಎಳೆಯಲು ಬೇಕಾದ ಬಲ ಕಡಿಮೆಯಾಯಿತು, ತೋಳು ಮುರಿಯಲೂ ಇಲ್ಲ. ನಾವು ಒಂದು ವಾರ ಬಹಳ ಸಂತೋಷದಲ್ಲಿದ್ದೆವು. ಆಮೇಲೆ ಅದೇ ಮಾನದಂಡ ಕೇಳುವ ಇನ್ನೊಂದು ಪರೀಕ್ಷೆಯನ್ನು ಮಾಡಿದೆವು: ತೋಳುಗಳನ್ನು ಮಡಿಸಿಟ್ಟು ಬಿಟ್ಟಾಗ ಅವು ತಮ್ಮ ಮೊದಲಿನ ಆಕಾರಕ್ಕೆ ಮರಳಬೇಕು. ನಮ್ಮ ಮೃದುವಾದ ತೋಳುಗಳು ಅರ್ಧಕ್ಕೇ ನಿಂತವು. ಮರಳದ ತೋಳು ಗರ್ಭಕೋಶದಲ್ಲಿ ನಿಲ್ಲದು. ವಂಕಿ ಜಾರಿಬಿದ್ದರೆ ಆಕೆ ಬಯಸದ ಗರ್ಭವನ್ನು ಹೊರಬೇಕಾಗುತ್ತದೆ. ತೆಗೆಯುವ ಸುಖವನ್ನು ಆ ಬೆಲೆಗೆ ಕೊಳ್ಳುವಂತಿಲ್ಲ. ಎಂಟು ತಿಂಗಳಲ್ಲಿ ಆರು ಬಾರಿ ತೋಳಿನ ದಪ್ಪವನ್ನು ಬದಲಿಸಿದ ಮೇಲೆ, ಮೂಲೆಯ ಗುಂಡಗಿನ ತಿರುವನ್ನು ಉಳಿಸಿಕೊಂಡು ತೋಳಿನ ಮಧ್ಯಭಾಗವನ್ನು ಮತ್ತೆ ಗಟ್ಟಿ ಮಾಡುವ ಒಂದು ಆಕಾರದಲ್ಲಿ ಎರಡೂ ಪರೀಕ್ಷೆಗಳು ನಮ್ಮ ಮಟ್ಟಿಗೆ ಹೊಂದಿಕೆಯಾದವು. ಇದೇ ಇಕ್ಕಟ್ಟನ್ನು ಬೇರೆಯವರು ವಸ್ತುವನ್ನೇ ಬದಲಿಸಿ ಬಿಡಿಸಿಕೊಳ್ಳುತ್ತಿದ್ದಾರೆ. 2025ರ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮಿಯುಡೆಲ್ಲಾ ಎಂಬ ತಾಮ್ರದ ಸಾಧನದ ಚೌಕಟ್ಟು ನಿಕಲ್ ಮತ್ತು ಟೈಟಾನಿಯಂ ಬೆರೆತ ನಿಟಿನಾಲ್ ಲೋಹದ್ದು. ಸಾಕಷ್ಟು ಬಾಗಿಸಿದರೂ ಹಿಂದಿನ ಆಕಾರಕ್ಕೆ ಮರಳುವುದು ಆ ಲೋಹದ ಗುಣ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡುವ ಸಾಧನವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದ ನಾವು ಪಾಲಿಎಥಿಲೀನಿನಲ್ಲಿಯೇ ಉಳಿದೆವು.

ಎರಡನೆಯದು ಬುಡದ ಗುಂಡು. ದಾರ ಕಾಣದಿದ್ದಾಗ ನಾವು ಸಪೂರ ಇಕ್ಕಳವನ್ನು ಕಂಠದೊಳಗೆ ಹಾಯಿಸಿ ಹಿಡಿಯಲು ನೋಡುತ್ತೇವೆ. ನುಣುಪಾದ ಗುಂಡಿನ ಮೇಲೆ ಇಕ್ಕಳ ಜಾರುತ್ತದೆ, ಪ್ರತಿ ಜಾರುವಿಕೆಯೂ ಆಕೆಗೆ ಒಂದು ನೋವು. ಗುಂಡಿನ ಜಾಗದಲ್ಲಿ ಉಂಗುರವಿದ್ದರೆ ಕೊಕ್ಕೆಗೆ ಸಲೀಸಾಗಿ ಸಿಗುತ್ತದೆಂದು ಉತ್ಸಾಹದಿಂದ ಮಾಡಿದೆವು, ಮಾದರಿಯಲ್ಲಿ ಚೆನ್ನಾಗಿಯೂ ಸಿಕ್ಕಿತು. ವರ್ಷಗಟ್ಟಲೆ ಒಳಗಿರುವ ವಸ್ತುವಿನ ತೆರೆದ ರಂಧ್ರದೊಳಗೆ ಒಳಪದರ ಬೆಳೆದು ಹಿಡಿದುಕೊಂಡೀತೆಂಬ ಭಯದಿಂದ ನಾನೇ ಅದನ್ನು ಕೈಬಿಡಿಸಿದೆ. ಈಗ ಗುಂಡಿನ ಮೇಲ್ಗಡೆ ಕಾಂಡಕ್ಕೆ ಒಂದು ಕೊರಳಿನಷ್ಟು ಕಚ್ಚು ಕೊಟ್ಟಿದ್ದೇವೆ. ಇಕ್ಕಳದ ಬಾಯಿ ಅಲ್ಲಿ ಬಂದು ನಿಲ್ಲುತ್ತದೆ.

ದಾರದ ಬಣ್ಣ ಚಿಕ್ಕ ವಿಷಯವೆನಿಸಬಹುದು. 380ಎಯ ಬಿಳಿ ದಾರ ಲೋಳೆಯ ನಡುವೆ, ಅದರಲ್ಲೂ ನಮ್ಮ ಕೊಠಡಿಯ ಮಂಕು ಬೆಳಕಿನಲ್ಲಿ, ಕಾಣದೇ ಹೋಗುತ್ತದೆ. ತಾಮ್ರದ ಬದಲು ಹಾರ್ಮೋನ್ ಬಿಡುವ ಸಾಧನಗಳಲ್ಲಿ ಮಿರೇನಾದ ದಾರ ಕಂದು, ಕೈಲೀನಾದ್ದು ನೀಲಿ. ಕಡುನೀಲಿಯ ಒಂಟಿ ಎಳೆಯನ್ನು ನಮ್ಮ ಮಾದರಿಗೆ ಕಟ್ಟಿ ನರ್ಸ್‌ಗಳ ಮುಂದೆ ಇಟ್ಟಾಗ ಅವರು ಮಾಡಿದ ಮೊದಲ ಪ್ರಶ್ನೆ, ‘ಇದು ನಮಗೆ ಯಾವಾಗಿಂದ ಬರುತ್ತೆ ಮೇಡಂ’ ಎಂಬುದು.

ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ನಮ್ಮ ಆಕಾರವನ್ನು ಯಾವ ಹೆಣ್ಣುಮಗಳಿಗೂ ಹಾಕಿಲ್ಲ, ಹಾಕುವಂತೆಯೂ ಇಲ್ಲ. 2017ರ ವೈದ್ಯಕೀಯ ಸಾಧನಗಳ ನಿಯಮಗಳಂತೆ ಅನುಮತಿ, ನೈತಿಕ ಸಮಿತಿಯ ಒಪ್ಪಿಗೆ, ಕ್ರಮಬದ್ಧ ಪರೀಕ್ಷೆ ಎಲ್ಲವೂ ಆಗಬೇಕು, ಅದಕ್ಕೆ ತಯಾರಕರೊಬ್ಬರು ಜೊತೆಗೆ ನಿಲ್ಲಬೇಕು. ಈ ನಡುವೆ ಬದಲಾದದ್ದು ನನ್ನ ಕೈ. ದಾರವನ್ನು ಕಂಠದ ಬಾಯಿಯ ಸಮೀಪದಲ್ಲಿಯೇ, ಎರಡೂ ಎಳೆ ಕೂಡಿಸಿ ಹಿಡಿಯುತ್ತೇನೆ. ಗರ್ಭಕೋಶ ಯಾವ ಕಡೆಗೆ ಬಾಗಿದೆಯೆಂದು ಮೊದಲೇ ಪರೀಕ್ಷಿಸಿ ಅದೇ ಅಕ್ಷದಲ್ಲಿ, ಆಕೆ ಉಸಿರು ಬಿಡುವಾಗ, ಮನಸ್ಸಿನಲ್ಲಿ ಹತ್ತು ಎಣಿಸುತ್ತ ಎಳೆಯುತ್ತೇನೆ. ಗರ್ಭಕಂಠವನ್ನು ಕಚ್ಚಿ ಹಿಡಿಯುವ ವಲ್ಸೆಲಮ್ಮನ್ನು ತೀರ ಬಾಗಿದ ಗರ್ಭಕೋಶವಿದ್ದಾಗ ಮಾತ್ರ ಬಳಸುತ್ತೇನೆ. ದಾರ ಕಾಣದಿದ್ದರೆ ಮೊದಲು ಸೈಟೋಬ್ರಷ್ ಎಂಬ ಪುಟ್ಟ ಕುಂಚವನ್ನು ಕಂಠದೊಳಗೆ ತಿರುಗಿಸುತ್ತೇನೆ, ಒಳಗೆ ಸುತ್ತಿಕೊಂಡ ದಾರ ಎಷ್ಟೋ ಸಲ ಅದಕ್ಕೇ ಸಿಕ್ಕಿ ಇಳಿಯುತ್ತದೆ. ಒಳಗೆ ಕೈಹಾಕಲೇಬೇಕಾದರೆ ಸ್ಕ್ಯಾನ್ ಮಾಡಿಸಿ, ಕಂಠದ ಸುತ್ತ ನೋವು ತಿಳಿಯದಂತೆ ಲಿಗ್ನೊಕೇನ್ ಚುಚ್ಚುಮದ್ದು ಕೊಟ್ಟ ಮೇಲೆಯೇ. ತಡೆ ಸಿಕ್ಕರೆ ನಿಲ್ಲಿಸುತ್ತೇನೆ. ಹೊರಬಂದ ವಂಕಿಯನ್ನು ಆಕೆಗೆ ತೋರಿಸಿ, ಎರಡು ತೋಳು, ಎರಡು ತಾಮ್ರದ ಪಟ್ಟಿ, ಗುಂಡು ಎಂದು ಇಬ್ಬರೂ ಎಣಿಸುತ್ತೇವೆ. ಹಾಕುವ ದಿನವೇ ದಾರವನ್ನು ಮೂರು ಸೆಂಟಿಮೀಟರಿಗಿಂತ ಗಿಡ್ಡವಾಗಿ ಕತ್ತರಿಸಬೇಡಿ ಎಂದು ನರ್ಸ್‌ಗಳಿಗೆ ಹೇಳುತ್ತೇನೆ; ಗಿಡ್ಡ ದಾರದ ತುದಿ ಚುಚ್ಚುತ್ತದೆ, ಉದ್ದನೆಯದು ಮೆತ್ತಗಾಗಿ ಕಂಠಕ್ಕೆ ಒರಗುತ್ತದೆ.

ಬಗೆಹರಿಯದೆ ಉಳಿದದ್ದು ಸಿಸೇರಿಯನ್ ಸಮಯದಲ್ಲಿಯೇ ವಂಕಿ ಹಾಕಿಸಿಕೊಂಡವರ ದಾರ. ದೊಡ್ಡದಾಗಿದ್ದ ಗರ್ಭಕೋಶ ವಾರಗಳಲ್ಲಿ ಕುಗ್ಗುವಾಗ ದಾರ ಒಮ್ಮೊಮ್ಮೆ ಕೆಳಗಿಳಿಯದೆ ಒಳಗೇ ಸುರುಳಿ ಸುತ್ತಿಕೊಳ್ಳುತ್ತದೆ. ನನ್ನ ನೋಟ್‌ಬುಕ್ಕಿನ ಈಚಿನ ಪುಟಗಳಲ್ಲಿ ಇವರೇ ಹೆಚ್ಚು. ಸುರುಳಿಯಾಗದಷ್ಟು ಬಿಗಿ, ಚುಚ್ಚದಷ್ಟು ಮೃದು ಎರಡೂ ಆಗಿರುವ ದಾರಕ್ಕಾಗಿ ಹುಡುಕುತ್ತಿದ್ದೇವೆ. ಹಿಗ್ಗಿದ ಗರ್ಭಕೋಶವನ್ನು ಹೋಲುವಂತೆ ಗಾಳಿ ತುಂಬಿ, ಸ್ವಲ್ಪ ಸ್ವಲ್ಪವಾಗಿ ಇಳಿಸಬಹುದಾದ ಹೊಸ ಮಾದರಿಯ ಅಚ್ಚಿಗೆ ಕಳೆದ ತಿಂಗಳು ಅಳತೆ ಕೊಟ್ಟುಬಂದಿದ್ದೇನೆ.