ಸಿಟಿ ಬಿಟ್ಟು ಎಂಆರ್‌ಐ ಒಂದರಲ್ಲೇ ಪ್ರಾಸ್ಟೇಟ್ ಪ್ಲಾನ್

ಪ್ರಾಸ್ಟೇಟ್ ಕ್ಯಾನ್ಸರ್‌ನ ವಿಕಿರಣ ಚಿಕಿತ್ಸೆಯಲ್ಲಿ ಎಲ್ಲಿಗೆ, ಎಷ್ಟು ಕಿರಣ ಎಂದು ಮೊದಲೇ ಹಾಕುವ ಲೆಕ್ಕವೇ ಪ್ಲಾನ್. ಆ ಲೆಕ್ಕಕ್ಕೆ ಬೇಕಾದ ಎಲೆಕ್ಟ್ರಾನ್ ಸಾಂದ್ರತೆ (ಅಂಗಾಂಶ ಕಿರಣವನ್ನು ಎಷ್ಟು ತಡೆಯುತ್ತದೆ ಎಂದು ತಿಳಿಸುವ ಅಳತೆ) ಸಿಟಿ ಸ್ಕ್ಯಾನ್‌ನಿಂದ ಸಿಗುತ್ತದೆ. ‘ಎಂಆರ್‌ಐನಲ್ಲಿ ಎಲೆಕ್ಟ್ರಾನ್ ಸಾಂದ್ರತೆಯೇ ಇಲ್ಲ, ಡೋಸ್ ಲೆಕ್ಕ ಹೇಗೆ?’ ಎಂದು ತಲೆಯಾಡಿಸಿದವರೇ ಹೆಚ್ಚು. ನಮ್ಮ ಪ್ರಾಸ್ಟೇಟ್ ಪ್ಲಾನ್‌ಗಳು ಈಗ ಸಿಟಿ ಇಲ್ಲದೆ ಆಗುತ್ತಿವೆ. ಡೋಸ್ ಇದರಲ್ಲಿ ಸುಲಭದ ಪಾಲು. ಬೆವರು ಇಳಿಸಿದ್ದು ಜಾಗದ ನಿಖರತೆ.

ಇಡೀ ಸೊಂಟವನ್ನು ನೀರೆಂದು ಕೊಟ್ಟು 6 ಎಂವಿ (ಮೆಗಾವೋಲ್ಟ್) ಕಿರಣಕ್ಕೆ ಲೆಕ್ಕ ಹಾಕಿದರೆ ಡೋಸ್ ಸಿಟಿಗಿಂತ ಸುಮಾರು ಶೇ. 2 ಹೆಚ್ಚು ತೋರಿಸುತ್ತದೆ. ಮೂಳೆಯನ್ನು ಮಾತ್ರ ಗೆರೆ ಎಳೆದು ಬೇರೆಯಾಗಿ ಬಿಡಿಸಿ ನೀರಿನ 1.2 ಪಟ್ಟಿನ ಆಸುಪಾಸಿನ ಸಾಂದ್ರತೆ ಕೊಡಿ, ವ್ಯತ್ಯಾಸ ಶೇ. 1ರೊಳಗೆ ಬರುತ್ತದೆ. ಈಗ ಡಿಕ್ಸನ್ ಚಿತ್ರಗಳಿಂದ (ಕೊಬ್ಬು, ನೀರು ಬೇರ್ಪಡಿಸಿದ ಎಂಆರ್‌ಐ) ಸಿಂಥೆಟಿಕ್ ಸಿಟಿ, ಅಂದರೆ ಸಿಟಿಯಂಥ ಲೆಕ್ಕದ ಚಿತ್ರ, ಕಟ್ಟುವ ಸಾಫ್ಟ್‌ವೇರ್ ಇದೆ. ಅದು ಉಳಿಸುವುದು ಮೂಳೆ ಬಿಡಿಸುವ ಶ್ರಮವನ್ನು; ಸೊಂಟದ ಮಟ್ಟಿಗೆ ಡೋಸ್ ಅದರಿಂದ ಮಹಾ ಸುಧಾರಿಸಿದ್ದು ಕಾಣಲಿಲ್ಲ. ಹಣದ ದೊಡ್ಡ ಪಾಲು ನುಂಗಿದ್ದೂ ಅದರ ಲೈಸೆನ್ಸೇ, ಮೇಲೆ ವರ್ಷವರ್ಷದ ನವೀಕರಣ ಬೇರೆ. ಕೈ ಬಿಗಿಯಿದ್ದರೆ ಅದನ್ನು ಮುಂದಕ್ಕೆ ಹಾಕಿ, ಮೊದಲು ಡಿಸ್ಟಾರ್ಷನ್ ಫ್ಯಾಂಟಮ್ (ಚಿತ್ರ ಎಷ್ಟು ಸೊಟ್ಟಗಾಗಿದೆ ಎಂದು ಅಳೆಯುವ ಮಾದರಿ) ಕೊಳ್ಳಿ.

ರೋಗಿ ಮಲಗುವ ಎಂಆರ್‌ಐ ಮೇಜು ಚಪ್ಪಟೆಯಾಗಿರಬೇಕು, ಆದರೆ ಸಿಟಿ ಕೋಣೆಯ ಕಾರ್ಬನ್ ಫೈಬರ್ ಹಲಗೆ ತರಬೇಡಿ. ಅದು ವಿದ್ಯುತ್ ಹರಿಸುತ್ತದೆ, ಬಿಸಿಯಾಗುತ್ತದೆ, ಚಿತ್ರವನ್ನೂ ಕೆಡಿಸುತ್ತದೆ. ಗ್ಲಾಸ್ ಫೈಬರ್ ಸಾಕು. ಮೇಲಿನ ಕಾಯಿಲ್ (ಸಿಗ್ನಲ್ ಹಿಡಿಯುವ ಸುರುಳಿ) ಹೊಟ್ಟೆಯ ಮೇಲೆ ಕೂತರೆ ಚರ್ಮದ ರೇಖೆಯೇ ಬದಲಾಗುತ್ತದೆ. 6 ಎಂವಿಯಲ್ಲಿ 1 ಸೆಂ.ಮೀ. ಅಂಗಾಂಶ ಹೆಚ್ಚುಕಡಿಮೆಯಾದರೆ ಆ ದಿಕ್ಕಿನ ಕಿರಣ ಶೇ. 3–4 ತಪ್ಪುತ್ತದೆ. ಹಾಗಾಗಿ ಕಾಯಿಲನ್ನು ಬ್ರಿಡ್ಜ್ ಎಂಬ ಕಮಾನಿನ ಮೇಲೆ ಹೊಟ್ಟೆಯಿಂದ ಎರಡು ಬೆರಳು ಎತ್ತರಕ್ಕೆ ನಿಲ್ಲಿಸುತ್ತೇವೆ. ಸಿಗ್ನಲ್ ಒಂದಿಷ್ಟು ಹೋಗುತ್ತದೆ, ಹೋಗಲಿ.

ಬ್ಯಾಂಡ್‌ವಿಡ್ತ್ (ಒಂದು ಪಿಕ್ಸೆಲ್‌ಗೆ ಎಷ್ಟು ಹರ್ಟ್ಸ್ ಎಂಬ ಎಂಆರ್‌ಐ ಸೆಟ್ಟಿಂಗ್) ವಿಷಯದಲ್ಲಿ ಜಿಪುಣತನ ಬೇಡ. 1.5 ಟೆಸ್ಲಾದಲ್ಲಿ ಕೊಬ್ಬು–ನೀರಿನ ಸಿಗ್ನಲ್‌ಗಳ ಆವರ್ತನದ ಅಂತರ ಸುಮಾರು 220 ಹರ್ಟ್ಸ್. ಪಿಕ್ಸೆಲ್‌ಗೆ 440 ಇಟ್ಟರೆ ಕೊಬ್ಬು ಜರುಗುವುದು ಅರ್ಧ ಪಿಕ್ಸೆಲ್. ಬ್ಯಾಂಡ್‌ವಿಡ್ತ್ ದುಪ್ಪಟ್ಟಾದರೆ ಎಸ್‌ಎನ್‌ಆರ್ (ಗದ್ದಲಕ್ಕೆ ಹೋಲಿಸಿದ ಸಿಗ್ನಲ್‌ನ ಪ್ರಮಾಣ) ಸುಮಾರು ಶೇ. 30 ಇಳಿಯುತ್ತದೆ, ರೇಡಿಯಾಲಜಿಯವರು ಗೊಣಗುತ್ತಾರೆ. ಗ್ರೇಡಿಯಂಟ್ ತಿದ್ದುಪಡಿ (ಕಾಂತಕ್ಷೇತ್ರದ ಗ್ರೇಡಿಯಂಟ್‌ಗಳಿಂದ ಚಿತ್ರ ಸೊಟ್ಟಗಾಗುವುದನ್ನು ಸರಿಪಡಿಸುವುದು) 2ಡಿಯಲ್ಲಿದ್ದರೆ 3ಡಿಗೆ ಬದಲಿಸಿ. ಫ್ಯಾಂಟಮ್‌ನಲ್ಲಿ ನಡುವಿನ 10 ಸೆಂ.ಮೀ. ತ್ರಿಜ್ಯದೊಳಗೆ ತಪ್ಪು 1 ಮಿ.ಮೀ. ದಾಟದು, ಸೊಂಟದ ಪಕ್ಕದ ಚರ್ಮದ ಹತ್ತಿರ 2–3 ಮಿ.ಮೀ. ಕಾಣಬಹುದು. ಇನ್ನೊಂದು ಹಳ್ಳ: ಕೆಲವು ಯಂತ್ರಗಳು ತಿದ್ದಿದ್ದು, ತಿದ್ದದೆ ಬಿಟ್ಟದ್ದು ಎರಡೂ ಚಿತ್ರಗಳ ಸೀರೀಸ್ ಕಳಿಸುತ್ತವೆ. ನೋಡಲು ಒಂದೇ ಥರ. ಇಂಪೋರ್ಟ್ ಮಾಡುವಾಗ ಹೆಸರು ಓದಲೇಬೇಕು.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಚಿನ್ನದ ಬೀಜಗಳು, ಅಂದರೆ ಜಾಗ ಗುರುತಿಸಲು ಪ್ರಾಸ್ಟೇಟ್ ಒಳಗೆ ಇಡುವ ಪುಟ್ಟ ತುಣುಕುಗಳು. ಎಂಆರ್‌ಐನಲ್ಲಿ ಅವು ಬರೀ ಕಪ್ಪು ಚುಕ್ಕೆ, ಕ್ಯಾಲ್ಸಿಯಂ ಗಂಟೂ ಕಪ್ಪು ಚುಕ್ಕೆಯೇ. ಗ್ರೇಡಿಯಂಟ್ ಎಕೋ ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ಚುಕ್ಕೆ ಹಿಗ್ಗುತ್ತದೆ, ಗುರುತಿಸಲು ಸುಲಭ, ಆದರೆ ಹಿಗ್ಗಿದ್ದರ ನಡುವೇ ಬೀಜದ ನಡು ಅಂದುಕೊಳ್ಳುವಂತಿಲ್ಲ. ನಾವು ಎರಡು ಸೀರೀಸ್ ಜೋಡಿಸಿ ನೋಡುತ್ತೇವೆ. ಸಂಶಯಕ್ಕೆ ಮದ್ದು ತ್ರಿಕೋನ: ಮೂರು ಬೀಜಗಳ ನಡುವಿನ ಅಂತರಗಳನ್ನು ಕೆವಿ (ಕಿಲೋವೋಲ್ಟ್) ಎಕ್ಸ್‌ರೇ ಜೋಡಿಯೊಂದಿಗೆ ತಾಳೆ ನೋಡಿ. ಒಂದು ಬಾಹು 2 ಮಿ.ಮೀ. ಮೀರಿ ತಪ್ಪಿದರೆ ಯಾವುದೋ ಚುಕ್ಕೆ ಕ್ಯಾಲ್ಸಿಯಂ ಇರಬಹುದು. ಸಿಂಥೆಟಿಕ್ ಸಿಟಿಯಲ್ಲಿ ಬೀಜ ತಾನಾಗಿ ಮೂಡುವುದಿಲ್ಲ. ಗುರುತು ಹಾಕಿ ಹೆಚ್ಚಿನ ಎಚ್‌ಯು (ಸಿಟಿ ಚಿತ್ರದ ಸಾಂದ್ರತೆಯ ಅಂಕಿ) ತುಂಬಬೇಕು, ಇಲ್ಲವಾದರೆ ಡಿಆರ್‌ಆರ್‌ನಲ್ಲಿ (ಅದರಿಂದ ಲೆಕ್ಕ ಹಾಕಿ ಮೂಡಿಸುವ ಎಕ್ಸ್‌ರೇ ಚಿತ್ರ) ಹೊಂದಿಸಲು ಏನೂ ಇರದು. ಚರ್ಮದ ಗುರುತುಗಳಿಗೆ ಮೀನೆಣ್ಣೆ ಗುಳಿಗೆ, ಟಿ1 ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಇಡೀ ಏರ್ಪಾಟಿನಲ್ಲಿ ಅಗ್ಗದ ಸಾಮಾನು ಅದೊಂದೇ.

ಪ್ಲಾನಿಂಗ್ ಸೀರೀಸನ್ನು ಮೊದಲೇ ತೆಗೆಯಿರಿ. ತಡವಾದಷ್ಟೂ ಮೂತ್ರಕೋಶ ತುಂಬುತ್ತದೆ, ಪ್ರಾಸ್ಟೇಟ್ ಸರಿಯುತ್ತದೆ. ಚಿಕಿತ್ಸೆಯ ಮೊದಲ ದಿನದ ಕೋನ್ ಬೀಮ್ ಚಿತ್ರದ (ಚಿಕಿತ್ಸಾ ಯಂತ್ರದಲ್ಲೇ ತೆಗೆಯುವ ಸಿಟಿ) ಮೇಲೆ ಡೋಸ್ ಮತ್ತೆ ಲೆಕ್ಕ ಹಾಕಿ, ಶೇ. 2 ಮೀರಿದರೆ ಮೊದಲು ಚರ್ಮದ ರೇಖೆಯನ್ನು ಅನುಮಾನಿಸಿ. ಲೋಹದ ಸೊಂಟದ ಕೀಲು ಇದ್ದವರಿಗೆ, ಚಿತ್ರದ ಅಂಚಿನಾಚೆಗೆ ಹೋಗುವಷ್ಟು ದೊಡ್ಡ ಮೈಯವರಿಗೆ ವಾದವಿಲ್ಲದೆ ಸಿಟಿ.

ಇದೇ ಹುರುಪಿನಲ್ಲಿ ತಲೆಯನ್ನೂ ನೋಡಿದ್ದಾಯಿತು. ಮಾಮೂಲಿ ಎಂಆರ್‌ಐನಲ್ಲಿ ಮೂಳೆ, ಗಾಳಿ ಎರಡೂ ಕಪ್ಪು. ಜೀರೋ ಎಕೋ ಟೈಮ್ ಸೀಕ್ವೆನ್ಸ್‌ನಲ್ಲಿ (ಬೇಗ ಅಳಿಯುವ ಸಿಗ್ನಲನ್ನೂ ಹಿಡಿಯುವ ಎಂಆರ್‌ಐ ವಿಧಾನ) ತಲೆಬುರುಡೆ ಚೆನ್ನಾಗಿ ಬರುತ್ತದೆ, ಮೂಗಿನ ಸೈನಸ್‌ಗಳ ತೆಳು ಗೋಡೆಗಳಲ್ಲಿ ಇನ್ನೂ ಕಲಸುಮೇಲೋಗರ. ತಲೆಗೆ ಸದ್ಯ ಸಿಟಿಯನ್ನು ಬಿಟ್ಟಿಲ್ಲ.