ರಾಯಚೂರಲ್ಲಿ ನಮ್ಮ ಸೈಟಿನ ವಲಯ ತಿಳಿದುಕೊಂಡ ಬಗೆ

ರಾಯಚೂರಿನ ಅಂಚಿನಲ್ಲಿರುವ ನಮ್ಮ ಸೈಟಿನಲ್ಲಿ ತಮ್ಮನಿಗೆ ಹಿಟ್ಟಿನ ಗಿರಣಿ ಹಾಕಿಕೊಡಬೇಕಿತ್ತು. 'ಎನ್‌ಎ (ಕೃಷಿಯೇತರ) ಆಗಿದೆಯಲ್ಲ, ಏನು ಬೇಕಾದರೂ ಮಾಡಿ' ಎಂದು ಸೈಟು ಮಾರಿದವರು ಹೇಳಿದ್ದರು. ಅದು ಸರಿಯಲ್ಲ.

ಎನ್‌ಎ ಅಂದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಹೊಲವನ್ನು ಬೇರೆ ಬಳಕೆಗೆ ಬಿಡುವ ಆದೇಶ. ಯಾವ ಬಳಕೆಗೆ ಅಂತ ಅದರಲ್ಲೇ ಬರೆದಿರುತ್ತದೆ. ನಮ್ಮದರಲ್ಲಿ 'ವಾಸ' ಎಂದಿತ್ತು. ವಲಯದ ವಿಷಯವೇ ಬೇರೆ. ವಲಯ ಅಂದರೆ ಊರಿನ ಯಾವ ಭಾಗ ಯಾವ ಬಳಕೆಗೆ ಅನ್ನೋ ವಿಂಗಡಣೆ. ಅದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಮಾಡುವ ಮಾಸ್ಟರ್ ಪ್ಲಾನ್‌ನಲ್ಲಿ ಇರುತ್ತದೆ. ಸರ್ವೆ ನಂಬರ್ ಹಿಡಿದು ನಕ್ಷೆ ನೋಡಿದೆ. ಹಳದಿ ಬಣ್ಣ, ವಾಸದ ವಲಯ.

ಇಲ್ಲಿಗೇ ಜಾಸ್ತಿ ಜನ ಕೈಬಿಡುತ್ತಾರೆ. ನಿಜವಾದ ಉತ್ತರ ನಕ್ಷೆಯ ಜೊತೆಗಿನ ವಲಯ ನಿಯಮಾವಳಿಯಲ್ಲಿದೆ, ಅದನ್ನು ಯಾರೂ ಓದಲ್ಲ ಅನ್ನೋದೇ ನನಗೆ ಬೇಸರ. ವಲಯದ ಕೆಳಗೆ ಎರಡು ಪಟ್ಟಿ ಇರುತ್ತವೆ: ನೇರವಾಗಿ ಅನುಮತಿ ಇರುವ ಬಳಕೆಗಳು, ವಿಶೇಷ ಸಂದರ್ಭದಲ್ಲಿ ಯೋಜನಾ ಪ್ರಾಧಿಕಾರ ಒಪ್ಪಬಹುದಾದ ಬಳಕೆಗಳು. ಗಿರಣಿಗೆ ಮೋಟರಿನ ಎಚ್‌ಪಿ, ಅಂದರೆ ಅದರ ಶಕ್ತಿ, ಮುಖ್ಯ. ಸಣ್ಣ ಮೋಟರು ತೋರಿಸಿ ಅರ್ಜಿ ಕೊಟ್ಟೆವು, ಒಪ್ಪಿಗೆ ಸಿಕ್ಕಿತು. ಅದೇ 1961ರ ಕಾಯ್ದೆಯ 14-ಎ ಕಲಮಿನಡಿ ವಲಯವನ್ನೇ ಬದಲಿಸುವ ದೊಡ್ಡ ಕೆಲಸ ಬೇಕಾಗಲೇ ಇಲ್ಲ.

ಟ್ರೇಡ್ ಲೈಸೆನ್ಸ್ ಬೇರೆ ಅರ್ಜಿ. ಅದನ್ನು ಈಗ ಮಾಡಿಸುತ್ತಿದ್ದೇವೆ.