ಮನೆಯಂಗಳದಲ್ಲಿ ಹಳೆ ಪಜೆರೊ: ಮೊದಲು ನೀರು, ಆಮೇಲೆ ತುಕ್ಕು, ಬಣ್ಣ ಕೊನೆಗೆ

ಜಪಾನಿನ ಮಿತ್ಸುಬಿಷಿ ಕಂಪನಿಯ ಹಳೆ ಪಜೆರೊ ಕೊಂಡವರು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸ ಪೇಂಟ್ ಹೊಡೆಸುವುದು. ಎರಡನೆಯದು ದಪ್ಪ ಟೈರ್ ಹಾಕಿಸುವುದು. ಮೂರನೆಯದು, ಎಂಜಿನ್ ಬಿಸಿಯಾಗಿ ಹೆಡ್ (ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ ಭಾಗ) ಬಿರುಕು ಬಿಟ್ಟಿತೆಂದು ಗ್ಯಾರೇಜಿನ ಬೆಂಚಿನ ಮೇಲೆ ತಲೆ ಮೇಲೆ ಕೈಹೊತ್ತು ಕೂರುವುದು. ಕೆಲಸದ ಕ್ರಮವನ್ನು ತಿರುಗಿಸಿಕೊಂಡರೆ ಆ ಮೂರನೆಯದನ್ನು ಬಹುಮಟ್ಟಿಗೆ ತಪ್ಪಿಸಬಹುದು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸ ಮನೆಯಲ್ಲೇ ಆಗುತ್ತದೆ.

ಇಲ್ಲಿ ಹೇಳುತ್ತಿರುವುದು ಹಿಂದೂಸ್ತಾನ್ ಮೋಟಾರ್ಸ್ 2002ರಲ್ಲಿ ನಮ್ಮ ಮಾರುಕಟ್ಟೆಗೆ ತಂದ ಪಜೆರೊ ಎಸ್‌ಎಫ್‌ಎಕ್ಸ್ ಬಗ್ಗೆ. 2012ರಲ್ಲಿ ಪಜೆರೊ ಸ್ಪೋರ್ಟ್ ಬಂದ ಮೇಲೆ ಇದರ ಕಾಲ ಮುಗಿಯಿತು. ಜಪಾನಿನ ಲೆಕ್ಕದಲ್ಲಿ ಇದು 1991ರಲ್ಲಿ ಬಂದ ಎರಡನೇ ತಲೆಮಾರಿನ ಗಾಡಿ. ಮರಳುಗಾಡಿನ ದೂರದ ಓಟವಾದ ಡಕಾರ್ ರ‍್ಯಾಲಿಯನ್ನು ಪಜೆರೊ 12 ಸಲ ಗೆದ್ದಿದೆ. 2001ರಿಂದ 2007ರವರೆಗೆ ಸತತ 7 ಸಲ. ರ‍್ಯಾಲಿ ಗೆದ್ದ ಗಾಡಿಗೂ ನಿಮ್ಮ ಮನೆ ಮುಂದೆ ನಿಂತಿರುವ ಗಾಡಿಗೂ ಹೆಸರು ಬಿಟ್ಟರೆ ಜಾಸ್ತಿ ಸಂಬಂಧವಿಲ್ಲ, ಅದು ಬೇರೆ ಮಾತು. ಆದರೂ ಏಣಿಯಂಥ ಗಟ್ಟಿ ಚಾಸಿ, 2,835 ಸಿಸಿಯ ಟರ್ಬೊ ಡೀಸೆಲ್ ಎಂಜಿನ್, ರಸ್ತೆ ನೋಡಿಕೊಂಡು ಬದಲಿಸಬಹುದಾದ ಫೋರ್ ವೀಲ್ ಡ್ರೈವ್, ಎಲ್ಲವೂ ನಿಜವಾಗಿ ಗಟ್ಟಿಯವೇ. ಕೊಡಗು, ಸಕಲೇಶಪುರದ ಕಾಫಿ ತೋಟಗಳ ದಾರಿಗೆ ಹೇಳಿ ಮಾಡಿಸಿದ ಗಾಡಿ.

ಇದಕ್ಕೆ ಶತ್ರುಗಳು ಎರಡೇ: ಬಿಸಿ ಮತ್ತು ಕೆಸರು.

ಕೊಳ್ಳುವ ಮೊದಲೇ

ಗಾಡಿ ನೋಡಲು ಹೋಗುವಾಗ "ಸ್ಟಾರ್ಟ್ ಮಾಡಿಡಬೇಡಿ, ನಾವು ಬಂದ ಮೇಲೆ ಮಾಡೋಣ" ಎಂದು ಮಾರುವವರಿಗೆ ಮೊದಲೇ ಹೇಳಿ. ಬಿಸಿ ಎಂಜಿನ್ ಬಹಳ ಗುಟ್ಟು ಮುಚ್ಚಿಡುತ್ತದೆ. ತಣ್ಣಗಿರುವಾಗ ಒಂದು ಏಟಿಗೆ ಸ್ಟಾರ್ಟ್ ಆಗದಿದ್ದರೆ ತಣ್ಣನೆ ಎಂಜಿನ್ನಿನ ಒಳಗನ್ನು ಕಾಯಿಸುವ ಗ್ಲೋ ಪ್ಲಗ್ ಹೋಗಿರಬಹುದು. ಅದು ಸಣ್ಣ ಖರ್ಚು. ಸ್ಟಾರ್ಟ್ ಆದ ಮೇಲೂ ಎಂಜಿನ್ನಿನ ಮುಂಭಾಗದಲ್ಲಿ ಗಲಗಲ ಸದ್ದು ಉಳಿದರೆ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ನಡೆಸುವ ಟೈಮಿಂಗ್ ಚೈನ್ ಸಡಿಲವಾಗಿದೆ. ಅದು ದೊಡ್ಡ ಖರ್ಚು. ಹಳೆಯ 2.5 ಲೀಟರ್ ಪಜೆರೊ ಎಂಜಿನ್ನಿಗೆ ಬೆಲ್ಟ್, ಈ 2.8ಕ್ಕೆ ಚೈನ್. "ಟೈಮಿಂಗ್ ಬೆಲ್ಟ್ ಮೊನ್ನೆ ತಾನೇ ಹಾಕಿಸಿದೆ" ಎಂದು ಯಾರಾದರೂ ಎಸ್‌ಎಫ್‌ಎಕ್ಸ್ ಬಗ್ಗೆ ಹೇಳಿದರೆ, ಅವರಿಗೆ ಗಾಡಿ ಗೊತ್ತಿಲ್ಲ ಅಂತಲೇ ಅರ್ಥ.

ಸ್ಟಾರ್ಟ್ ಮಾಡುವ ಮೊದಲು ರೇಡಿಯೇಟರ್ ಮುಚ್ಚಳ ತೆಗೆದಿಟ್ಟುಕೊಳ್ಳಿ. ಎಂಜಿನ್ ಓಡುವಾಗ ಮೇಲೆ ಬರುವ ಗುಳ್ಳೆ ಸ್ವಲ್ಪ ಹೊತ್ತಿಗೆ ನಿಲ್ಲಬೇಕು. ನಿಲ್ಲದೆ ಸಣ್ಣದಾಗಿ ಬರುತ್ತಲೇ ಇದ್ದರೆ ಸಿಲಿಂಡರಿನ ಹೊಗೆ ನೀರಿಗೆ ಸೇರುತ್ತಿರಬಹುದು. ಆಯಿಲ್ ತುಂಬುವ ಮುಚ್ಚಳದ ಒಳಗೆ ಹಾಲಿನ ಕೆನೆಯಂಥದ್ದು ಕಂಡರೂ ಹುಷಾರು. ಇಂಥ ಅನುಮಾನ ಬಂದರೆ ಗಾಡಿ ಎಷ್ಟೇ ಹೊಳೆಯುತ್ತಿದ್ದರೂ ವಾಪಸ್ ಬನ್ನಿ, ಇಲ್ಲವೇ ಹೆಡ್ ಕೆಲಸದ ಹಣ ಕಳೆದು ಬೆಲೆ ಮಾತಾಡಿ.

ಎತ್ತಿ ನಿಲ್ಲಿಸುವುದು

ಸುಮಾರು 2 ಟನ್ ತೂಕದ ಗಾಡಿ ಇದು. ಜೊತೆಗೆ ಬರುವ ಜಾಕ್ ಪಂಕ್ಚರ್ ಹಾಕಲು ಮಾತ್ರ, ಅದರ ಮೇಲೆ ನಿಲ್ಲಿಸಿ ಕೆಳಗೆ ತೂರಬಾರದು. ಟ್ರಾಲಿ ಜಾಕಿನಿಂದ ಎತ್ತಿ, ಚಾಸಿಯ ಕೆಳಗೆ ತಲಾ 3 ಟನ್ ತಡೆಯುವ ಜಾಕ್ ಸ್ಟ್ಯಾಂಡ್ ಕೊಡಿ. ನೆಲದ ಮೇಲೆ ಉಳಿದ ಚಕ್ರಗಳಿಗೆ ಮರದ ತುಂಡು ಅಡ್ಡ ಇಡಿ. ಸಿಮೆಂಟ್ ಇಟ್ಟಿಗೆ, ಹಾಲೊ ಬ್ಲಾಕ್ ಬೇಡವೇ ಬೇಡ. ಅವು ಮುನ್ಸೂಚನೆ ಕೊಡದೆ ಪುಡಿಯಾಗುತ್ತವೆ. ಮಣ್ಣಿನ ಅಂಗಳವಾದರೆ ಸ್ಟ್ಯಾಂಡಿನ ಕೆಳಗೆ ದಪ್ಪ ಹಲಗೆ ಹಾಕಿ. ಎತ್ತಿದ ಮೇಲೆ ಒಮ್ಮೆ ಬಲವಾಗಿ ಅಲುಗಾಡಿಸಿ ನೋಡಿ, ಬೀಳುವುದಿದ್ದರೆ ನೀವು ಹೊರಗಿರುವಾಗಲೇ ಬೀಳಲಿ.

ನೀರಿನ ದಾರಿ

ಈ ಎಂಜಿನ್ನಿನ ಬ್ಲಾಕ್ ಬೀಡು ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂನದು. ಬಿಸಿಗೆ ಅಲ್ಯೂಮಿನಿಯಂ ಜಾಸ್ತಿ ಹಿಗ್ಗುತ್ತದೆ, ಕಬ್ಬಿಣ ಕಡಿಮೆ. ಎಂಜಿನ್ನನ್ನು ತಂಪಾಗಿಡುವ ದ್ರವ, ಅಂದರೆ ಕೂಲಂಟ್, ಸರಿಯಾಗಿ ಹರಿಯುತ್ತಿರುವವರೆಗೆ ಈ ಜಗಳ ಗೊತ್ತಾಗುವುದಿಲ್ಲ. ಒಮ್ಮೆ ಬಿಸಿ ಮಿತಿ ಮೀರಿತೋ, ಹೆಡ್ ಸೊಟ್ಟಗಾಗುತ್ತದೆ ಇಲ್ಲವೇ ಬಿರುಕು ಬಿಡುತ್ತದೆ. ಹಾಗಾಗಿ ಮನೆಗೆ ತಂದ ಗಾಡಿಯಲ್ಲಿ ಬೇರೇನೂ ಮುಟ್ಟದೆ ಮೊದಲು ಇಲ್ಲಿಗೆ ಬನ್ನಿ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರಿನ ಕೆಳಗಿನ ನಲ್ಲಿ ಬಿಚ್ಚಿ ಇರುವುದೆಲ್ಲ ಇಳಿಸಿ. ಬಕೆಟಿಗೆ ಬೀಳುವ ನೀರಿನ ಬಣ್ಣ ನೋಡಿ. ಹಸಿರೋ ಕೆಂಪೋ ತಿಳಿಯಾಗಿದ್ದರೆ ಹಿಂದಿನ ಮಾಲೀಕರಿಗೆ ಒಂದು ನಮಸ್ಕಾರ ಹಾಕಿ. ಕೆಮ್ಮಣ್ಣಿನ ರಾಡಿಯಂತಿದ್ದರೆ ಬೋರ್‌ವೆಲ್ ನೀರು ಸುರಿದು ಓಡಿಸಿದ್ದಾರೆ. ನಮ್ಮ ಕಡೆ ಇದೇ ಜಾಸ್ತಿ. ಗಡಸು ನೀರಿನ ಸುಣ್ಣ ರೇಡಿಯೇಟರಿನ ಸಪೂರ ಕೊಳವೆಗಳಲ್ಲಿ ಕಟ್ಟಿಕೊಂಡು ದಾರಿ ಮುಚ್ಚುತ್ತದೆ. ಇಳಿಸಿದ ರಾಡಿಯನ್ನು ಚರಂಡಿಗೆ ಚೆಲ್ಲಬೇಡಿ, ತೆರೆದೂ ಇಡಬೇಡಿ. ಕೂಲಂಟ್ ಸಿಹಿಯಾಗಿರುತ್ತದೆ, ವಿಷವೂ ಹೌದು, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ.

ರೇಡಿಯೇಟರನ್ನು ಬಿಚ್ಚಿ ಹೊರಗೆ ತೆಗೆಯಿರಿ. ಹೋಸ್ ಕ್ಲಿಪ್‌ಗಳು, ಫ್ಯಾನಿನ ಸುತ್ತಲಿನ ಕವರ್, ನಾಲ್ಕು ಬೋಲ್ಟ್, ಇಷ್ಟೇ ಕೆಲಸ. ಅದರ ಮುಂದೆ ಎಸಿ ಕಂಡೆನ್ಸರ್ ಇದೆ, ಅದರ ಗ್ಯಾಸ್ ಪೈಪುಗಳನ್ನು ಮಾತ್ರ ಮುಟ್ಟಬೇಡಿ. ಇವೆರಡರ ನಡುವಿನ ಸಂದಿಯಲ್ಲಿ ಕೆಸರು, ಎಲೆ, ಹುಳದ ರೆಕ್ಕೆ ಸೇರಿ ಒಂದು ಚಾಪೆಯೇ ಆಗಿರುತ್ತದೆ. ಹೊರಗಿನಿಂದ ಎಷ್ಟು ತೊಳೆದರೂ ಅದು ಹೋಗುವುದಿಲ್ಲ. ಕೈಯಲ್ಲಿ ಬಿಡಿಸಿ, ಎಂಜಿನ್ ಕಡೆಯಿಂದ ಮುಂದಕ್ಕೆ ಮೆಲ್ಲಗೆ ನೀರು ಬಿಡಿ. ಜೋರಾದ ಪ್ರೆಶರ್ ವಾಷರ್ ಹಿಡಿದರೆ ತೆಳು ಲೋಹದ ರೆಕ್ಕೆಗಳು (ಫಿನ್) ಮಡಚಿಕೊಳ್ಳುತ್ತವೆ. ಒಳಗೆ ಸುಣ್ಣ ಕಟ್ಟಿದ್ದರೆ ಊರಿನ ರೇಡಿಯೇಟರ್ ರಿಪೇರಿ ಅಂಗಡಿಗೆ ಕೊಡಿ, ಇದು ಮನೆಯಲ್ಲಿ ಆಗುವ ಕೆಲಸವಲ್ಲ.

ಬಿಸಿಯಾದ ಮೇಲೆ ಕೂಲಂಟಿಗೆ ರೇಡಿಯೇಟರಿನ ದಾರಿ ತೆರೆಯುವ ಥರ್ಮೋಸ್ಟ್ಯಾಟ್ ತೆಗೆದು ನೋಡಿ. ಕೆಲವು ಗಾಡಿಗಳಲ್ಲಿ ಅದು ಇರುವುದೇ ಇಲ್ಲ! "ಬಿಸಿ ಆಗ್ತಿತ್ತು, ತೆಗೆದುಬಿಟ್ಟೆ" ಎನ್ನುವ ಮೆಕ್ಯಾನಿಕ್‌ಗಳು ಇನ್ನೂ ಇದ್ದಾರೆ. ಅದು ಮದ್ದಲ್ಲ, ಎಂಜಿನ್ ಬೇಕಾದ ಬಿಸಿಗೆ ಬರದೆ ಡೀಸೆಲ್ ಕುಡಿಯುತ್ತದೆ. ಇದ್ದರೆ, ಎಷ್ಟು ಡಿಗ್ರಿಗೆ ತೆರೆಯಬೇಕೆಂದು ಅದರ ಮೇಲೇ ಅಚ್ಚಾಗಿರುತ್ತದೆ. ಹಳೆಯ ಪಾತ್ರೆಯಲ್ಲಿ ನೀರು ಕಾಯಿಸಿ ದಾರ ಕಟ್ಟಿ ಇಳಿಬಿಡಿ, ಪಕ್ಕದಲ್ಲಿ ಥರ್ಮಾಮೀಟರ್ ಇರಲಿ. ಆ ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ತೆರೆಯದಿದ್ದರೆ ಹೊಸದು ಹಾಕಿ. ರೇಡಿಯೇಟರ್ ಮುಚ್ಚಳವನ್ನಂತೂ ಕಣ್ಣುಮುಚ್ಚಿ ಬದಲಿಸಿ.

ಇನ್ನು ಫ್ಯಾನ್. ಎಂಜಿನ್ ಆಫ್ ಇರುವಾಗ ತಣ್ಣಗೆ ಕೈಯಲ್ಲಿ ತಿರುಗಿಸಿದರೆ ಸ್ವಲ್ಪ ಬಿಗಿ ಇರಬೇಕು. ಒಂದು ತಳ್ಳಿಗೆ ಗಿರಗಿರ ಸುತ್ತಿದರೆ ಫ್ಯಾನನ್ನು ಎಂಜಿನ್ನಿಗೆ ಜೋಡಿಸುವ ವಿಸ್ಕಸ್ ಕಪ್ಲಿಂಗಿನೊಳಗಿನ ಎಣ್ಣೆ ಸೋರಿದೆ. ಹೆದ್ದಾರಿಯಲ್ಲಿ ಸರಿಯಾಗಿದ್ದು ಶಿರಾಡಿ ಘಾಟಿಯಲ್ಲಿ ಲಾರಿಯ ಹಿಂದೆ ಏರುವಾಗ ಬಿಸಿಯಾಗುವ ಗಾಡಿಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ.

ಎಲ್ಲ ಜೋಡಿಸಿ, ಹೋಸ್‌ಗಳನ್ನು ಹೊಸದು ಹಾಕಿ, ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಬೆರೆಸಿ ತುಂಬಿಸಿ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಮುಚ್ಚಳ ತೆರೆದಿಟ್ಟು ಎಂಜಿನ್ ಓಡಿಸಿ. ಮೇಲಿನ ಹೋಸನ್ನು ಆಗಾಗ ಹಿಚುಕಿದರೆ ಸಿಕ್ಕಿಕೊಂಡ ಗಾಳಿ ಗುಳುಗುಳು ಹೊರಗೆ ಬರುತ್ತದೆ, ನೀರು ಇಳಿಯುತ್ತದೆ, ಮತ್ತೆ ತುಂಬಿಸಬೇಕು. ಆತುರ ಬೇಡ. ಒಳಗೆ ಉಳಿದ ಗಾಳಿಯೂ ಹೆಡ್ಡನ್ನು ಸುಡುತ್ತದೆ.

ತುಕ್ಕು

ಸಣ್ಣ ಸುತ್ತಿಗೆ ಹಿಡಿದು ಕೆಳಗೆ ಮಲಗಿ. ಚಾಸಿಯ ಉದ್ದಕ್ಕೂ ಮೆಲ್ಲಗೆ ತಟ್ಟುತ್ತ ಹೋಗಿ. ಗಟ್ಟಿ ಇದ್ದಲ್ಲಿ ಠಣ್ ಎನ್ನುತ್ತದೆ, ಒಳಗೆ ತಿಂದುಹೋದಲ್ಲಿ ದಪ್ ಎನ್ನುತ್ತದೆ. ಹಿಂದಿನ ಆಕ್ಸಲ್ ಮೇಲೆ ಚಾಸಿ ಬಾಗುವ ಜಾಗ, ಸ್ಪ್ರಿಂಗ್ ಕೂರುವ ಬಟ್ಟಲು, ಬಾಗಿಲ ಕೆಳಗಿನ ಅಂಚು, ಹಿಂದಿನ ಚಕ್ರದ ಕಮಾನು, ಇಲ್ಲಿ ಹೆಚ್ಚು ಹೊತ್ತು ಕಳೆಯಿರಿ. ಚಾಸಿ ಟೊಳ್ಳು ಪೆಟ್ಟಿಗೆ. ಅದರ ತೂತುಗಳಿಂದ ಒಳಹೋದ ಕೆಸರು ಅಲ್ಲೇ ಒದ್ದೆಯಾಗಿ ಕೂರುತ್ತದೆ, ಲೋಹವನ್ನು ಒಳಗಿನಿಂದ ತಿನ್ನುತ್ತದೆ. ತೂತಿಗೆ ಪೈಪ್ ತೂರಿಸಿ, ತಿಳಿ ನೀರು ಬರುವವರೆಗೆ ತೊಳೆದು, ಬಿಸಿಲಲ್ಲಿ ಎರಡು ಮೂರು ದಿನ ಒಣಗಲು ಬಿಡಿ.

ಮೇಲ್ಮೈ ತುಕ್ಕನ್ನು ವೈರ್ ಬ್ರಷ್‌ನಿಂದ ಕೆರೆದು, ರಸ್ಟ್ ಕನ್ವರ್ಟರ್ ಹಚ್ಚಿ, ಜಿಂಕ್ ಪ್ರೈಮರ್, ಅದರ ಮೇಲೆ ಚಾಸಿ ಪೇಂಟ್. ಒಳಗಿನ ಟೊಳ್ಳಿಗೆ ಉದ್ದ ಮೂತಿಯ ಕ್ಯಾನಿನಿಂದ ಕ್ಯಾವಿಟಿ ವ್ಯಾಕ್ಸ್ ಸಿಂಪಡಿಸಿ. ಮಳೆಗಾಲಕ್ಕೆ ಮುಂಚೆ ಸರ್ವಿಸ್ ಸ್ಟೇಷನ್ನಿನಲ್ಲಿ ಹಳೆ ಎಂಜಿನ್ ಆಯಿಲ್ ಸ್ಪ್ರೇ ಮಾಡಿಸುವ ಪದ್ಧತಿ ಮಲೆನಾಡಿನಲ್ಲಿ ಇದೆಯಲ್ವಾ? ಲೋಹಕ್ಕೆ ಸ್ವಲ್ಪ ದಿನ ಒಳ್ಳೆಯದೇ. ಆದರೆ ರಬ್ಬರ್ ಬುಷ್‌ಗಳು ಉಬ್ಬಿ ಮೆತ್ತಗಾಗುತ್ತವೆ, ಬ್ರೇಕ್ ಡಿಸ್ಕಿಗೆ ಸಿಡಿದರೆ ಅಪಾಯ. ನನಗಂತೂ ಇಷ್ಟವಿಲ್ಲ.

ಸುತ್ತಿಗೆ ಒಳಗೇ ಹೋಗುವಷ್ಟು ತಿಂದಿದ್ದರೆ ವೆಲ್ಡಿಂಗ್ ಬೇಕು. ಅದನ್ನು ಲಾರಿ ಚಾಸಿ ಕೆಲಸ ಬಲ್ಲವರಿಗೇ ಬಿಡಿ. ವೆಲ್ಡ್ ಮಾಡುವ ಮೊದಲು ಬ್ಯಾಟರಿ ಮತ್ತು ಆಲ್ಟರ್ನೇಟರ್ ವೈರ್ ಬಿಚ್ಚಿಸಿ. ತುಕ್ಕಿನ ತೂತಿಗೆ ಪುಟ್ಟಿ (ಮೆತ್ತುವ ಪೇಸ್ಟ್) ತುಂಬಿ ಬಣ್ಣ ಬಳಿದು ಮಾರುವವರ ಮೇಲೆ ಕಣ್ಣಿರಲಿ, ಒಂದು ಅಯಸ್ಕಾಂತ ಜೇಬಿನಲ್ಲಿದ್ದರೆ ಸಾಕು. ಪುಟ್ಟಿ ಇರುವಲ್ಲಿ ಅದು ಕಚ್ಚುವುದಿಲ್ಲ.

ಬ್ರೇಕ್, ಸ್ಟೀರಿಂಗ್

ಚಾಸಿ ನೋಡುವಾಗಲೇ ಅದರ ಪಕ್ಕ ಹೋಗುವ ಉಕ್ಕಿನ ಬ್ರೇಕ್ ಪೈಪುಗಳನ್ನೂ ಬೆರಳಲ್ಲಿ ಸವರಿ. ಹಿಂದಿನ ಆಕ್ಸಲ್ ಹತ್ತಿರ ಒರಟಾಗಿ ಚಕ್ಕೆ ಏಳುತ್ತಿದ್ದರೆ ಬದಲಿಸಬೇಕು. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಪೂರ್ತಿ ಹೊಸದು ಹಾಕಿ.

ಮುಂದಿನ ಚಕ್ರ ಎತ್ತಿ 9 ಮತ್ತು 3 ಗಂಟೆ ಜಾಗದಲ್ಲಿ ಹಿಡಿದು ಅಲುಗಿಸಿ. ಆಟ ಇದ್ದರೆ ಸ್ಟೀರಿಂಗ್ ಜಾಯಿಂಟ್ ನೋಡಿ, ಅದರಲ್ಲೂ ಐಡ್ಲರ್ ಆರ್ಮ್. 12 ಮತ್ತು 6ರಲ್ಲಿ ಆಟ ಇದ್ದರೆ ವೀಲ್ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಕಚ್ಚಿಕೊಂಡ ಬೋಲ್ಟಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿ. ಬೆಳಿಗ್ಗೆ ಮೊದಲು ಒಂಚೂರು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಹಾಗೆ ಮಾಡಿದರೆ ಬೋಲ್ಟ್ ತುಂಡಾಗುವುದು ಕಡಿಮೆ.

ಮಿಣುಕುತ್ತಲೇ ಇರುವ ಚಕ್ರದ ದೀಪ

4ಎಚ್‌ಗೆ (ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ಸ್ಥಾನಕ್ಕೆ) ಲಿವರ್ ಹಾಕಿದಾಗ ಡ್ಯಾಶ್‌ಬೋರ್ಡಿನಲ್ಲಿ ಮುಂದಿನ ಚಕ್ರಗಳ ದೀಪ ಸ್ವಲ್ಪ ಮಿಣುಕಿ ನಿಲ್ಲಬೇಕು. ಮಿಣುಕುತ್ತಲೇ ಇದ್ದರೆ "ಗೇರ್‌ಬಾಕ್ಸ್ ಹೋಯ್ತು ಸಾರ್" ಎನ್ನುವವರು ಸಿಗುತ್ತಾರೆ. ನಂಬುವ ಮೊದಲು ಬಾನೆಟ್ ಎತ್ತಿ. ಮುಂದಿನ ಆಕ್ಸಲನ್ನು ಸೇರಿಸುವುದು, ಬಿಡಿಸುವುದು ವ್ಯಾಕ್ಯೂಮ್ ಕೆಲಸ. ವಿದ್ಯುತ್ತಿನಿಂದ ತೆರೆದು ಮುಚ್ಚುವ ಎರಡು ಪುಟ್ಟ ಸೊಲೆನಾಯ್ಡ್ ವಾಲ್ವ್‌ಗಳಿಂದ ಸಪೂರ ರಬ್ಬರ್ ಪೈಪುಗಳು ಕೆಳಗೆ ಆಕ್ಸಲ್ ಹತ್ತಿರದ ಡಬ್ಬಿಯಾಕಾರದ ಆಕ್ಚುಯೇಟರಿಗೆ ಹೋಗುತ್ತವೆ. ಎಂಜಿನ್ ಬಿಸಿಗೆ ಈ ಪೈಪು ಗಟ್ಟಿಯಾಗಿ, ತುದಿಯಲ್ಲಿ ಕೂದಲೆಳೆಯಂಥ ಸೀಳು ಬರುತ್ತದೆ. ಬಗ್ಗಿಸಿ ನೋಡಿದರೆ ಮಾತ್ರ ಕಾಣುವುದು.

ಪರೀಕ್ಷೆ ಸುಲಭ. ಆಕ್ಚುಯೇಟರಿನ ಮೂತಿಗೆ ಹೊಸ ಪೈಪಿನ ತುಂಡು ಸಿಕ್ಕಿಸಿ, ಇನ್ನೊಂದು ತುದಿಯನ್ನು ಬಾಯಲ್ಲಿ ಎಳೆದು ನಾಲಿಗೆ ಅಡ್ಡ ಹಿಡಿಯಿರಿ. ನಾಲಿಗೆ ಹಾಗೇ ಕಚ್ಚಿಕೊಂಡಿದ್ದರೆ ಒಳಗಿನ ಡಯಾಫ್ರಂ ಸರಿಯಿದೆ. ಮೆಲ್ಲಗೆ ಬಿಟ್ಟುಕೊಂಡರೆ ತೂತಾಗಿದೆ. ಬಹಳ ಸಲ ಪೈಪ್ ಬದಲಿಸಿದರೇ ದೀಪ ನಿಲ್ಲುತ್ತದೆ, ಖರ್ಚು ಕೆಲವು ನೂರು ರೂಪಾಯಿ. ಅದರಿಂದಲೂ ಆಗದಿದ್ದರೆ ಆಮೇಲೆ ಸ್ವಿಚ್‌ಗಳ ಕಡೆ ನೋಡಿ. ಸರಿಯಾದ ಮೇಲೆ ತಿಂಗಳಿಗೊಮ್ಮೆಯಾದರೂ 4ಎಚ್‌ನಲ್ಲಿ ಓಡಿಸಿ. ಡಾಂಬರು ರಸ್ತೆಯಲ್ಲೂ ಅದನ್ನು ಹಾಕಬಹುದು. ಮುಂದಿನ, ಹಿಂದಿನ ಆಕ್ಸಲ್ಲಿಗೆ ಶಕ್ತಿ ಹಂಚುವ ನಡುವಿನ ಡಿಫರೆನ್ಷಿಯಲ್ ಲಾಕ್ ಆಗುವ ಸ್ಥಾನಗಳನ್ನು ಮಾತ್ರ ಕೆಸರು, ಮರಳಿಗೆ ಇಟ್ಟುಕೊಳ್ಳಿ.

ಇಲಿ, ವೈರು, ವಾಸನೆ

ತೋಟದ ಶೆಡ್ಡಿನಲ್ಲಿ ನಿಂತಿದ್ದ ಗಾಡಿಯಾದರೆ ವೈರ್‌ಗಳನ್ನು ಇಲಿ ಕಡಿದಿರುತ್ತದೆ ಅಂತಲೇ ಅಂದುಕೊಂಡು ಶುರುಮಾಡಿ. ಟೇಪ್ ಸುತ್ತಿ ಬಿಡಬೇಡಿ, ಬೆಸುಗೆ ಹಾಕಿ ಹೀಟ್ ಶ್ರಿಂಕ್ ಹಾಕಿ. ಬ್ಯಾಟರಿಯಿಂದ ಎಂಜಿನ್ನಿಗೆ, ಚಾಸಿಗೆ ಹೋಗುವ ಅರ್ಥ್ ವೈರುಗಳನ್ನು ಬಿಚ್ಚಿ ಲೋಹ ಹೊಳೆಯುವಂತೆ ಉಜ್ಜಿ. ಅರ್ಧಂಬರ್ಧ ಉರಿಯುವ ಲೈಟ್, ಸುಮ್ನೆ ಕುಣಿಯುವ ಮೀಟರ್ ಬಹುಪಾಲು ಇಷ್ಟಕ್ಕೇ ಸರಿಹೋಗುತ್ತವೆ. ಒಳಗೆ ಮುಗ್ಗಲು ವಾಸನೆ ಇದ್ದರೆ ಸೆಂಟ್ ಹಾಕಬೇಡಿ, ಕಾರ್ಪೆಟ್ ಎತ್ತಿ. ಕೆಳಗಿನ ಸ್ಪಂಜು ನೀರು ಕುಡಿದಿರುತ್ತದೆ.

ಸ್ಪೇರ್ಸ್, ಬಣ್ಣ, ಕಾಗದ

ಶೋರೂಂ ಕೌಂಟರಿನಲ್ಲಿ ಎಲ್ಲ ಸಿಗುವ ಕಾಲ ಮುಗಿದಿದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸದು, ಶಿವಾಜಿನಗರದ ಗುಜರಿಯಲ್ಲಿ ಹಳೆಯದು ಹುಡುಕಬೇಕು. ಮಾಡೆಲ್ ಹೆಸರು ಹೇಳಿದರೆ ಸಾಲದು, ಚಾಸಿ ನಂಬರ್ ಮತ್ತು ಪಾರ್ಟ್ ನಂಬರ್ ಬರೆದುಕೊಂಡು, ಹಳೆಯ ಬಿಡಿಭಾಗವನ್ನೂ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಬ್ರೇಕ್ ಮತ್ತು ಸ್ಟೀರಿಂಗ್ ಬಿಡಿಭಾಗಗಳನ್ನು ಗುಜರಿಯಿಂದ ತರಬೇಡಿ. ಬಾಗಿಲ ಹಿಡಿಕೆ, ಲೈಟಿನ ಗಾಜು, ಸೀಟಿನ ಲಿವರ್ ಧಾರಾಳವಾಗಿ ತನ್ನಿ.

ಬಣ್ಣಕ್ಕೆ ಈಗ ಬರಬಹುದು. ಅದೇ ಬಣ್ಣ ಹೊಡೆಸಿದರೆ ತೊಂದರೆಯಿಲ್ಲ, ಬೇರೆ ಬಣ್ಣವಾದರೆ ಆರ್‌ಸಿಯಲ್ಲಿ ಬದಲಾವಣೆ ಮಾಡಿಸಬೇಕು. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಗಾಡಿ ಪರೀಕ್ಷೆಗೆ ಒಡ್ಡಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ ಬಂದ ನಿರ್ಬಂಧದಿಂದ ಅಲ್ಲಿಯ ಪಜೆರೊಗಳು ಅಗ್ಗಕ್ಕೆ ಕಣ್ಣಿಗೆ ಬೀಳುತ್ತವೆ. ಎನ್‌ಒಸಿ ಸಿಗುತ್ತದೆಯೇ, ಇಲ್ಲಿ ಮರುನೋಂದಣಿ ಆಗುತ್ತದೆಯೇ, ಕಟ್ಟಬೇಕಾದ ಜೀವಾವಧಿ ತೆರಿಗೆ ಎಷ್ಟು, ಇಷ್ಟನ್ನು ನಿಮ್ಮ ಆರ್‌ಟಿಒದಲ್ಲಿ ಕೇಳಿಕೊಳ್ಳದೆ ಮುಂಗಡ ಕೊಡಬೇಡಿ.

ರಸ್ತೆಗಿಳಿದ ಮೇಲೆ ಮೊದಲ ತಿಂಗಳು ದಿನಾ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕೂಲಂಟ್ ಮಟ್ಟ ನೋಡಿ, ವಾರಕ್ಕೊಮ್ಮೆ ಹೋಸ್ ಕ್ಲಿಪ್ ಬಿಗಿ ನೋಡಿ. ಮೀಟರಿನ ಮುಳ್ಳು ದಿನಾ ನಿಲ್ಲುವ ಜಾಗದಿಂದ ಸ್ವಲ್ಪ ಮೇಲೇರಿದರೂ ಎಸಿ ಆಫ್ ಮಾಡಿ, ಪಕ್ಕಕ್ಕೆ ನಿಲ್ಲಿಸಿ. ಮುಚ್ಚಳಕ್ಕೆ ಮಾತ್ರ ಆಗ ಕೈ ಹಾಕಬೇಡಿ. ಕನಿಷ್ಠ ಒಂದು ಗಂಟೆ ಕಾಯಿರಿ.